ಮೆಟಲ್ ಡಿಟೆಕ್ಟರ್ ಉಡುಗೊರೆ ಕೊಡ್ಬೇಕು, ಬಳಸಿದವರು ಹೇಳಿ

ಹೊಸಗುದ್ದಲಿ:
ನಮ್ಮವರ ಹುಟ್ಟುಹಬ್ಬಕ್ಕೆ ಮೆಟಲ್ ಡಿಟೆಕ್ಟರ್ ತರಿಸೋಣ ಅಂತಿದ್ದೀನಿ. ಮಕ್ಕಳ ಆಟದ ಸಾಮಾನಿನಂಥದ್ದು ಬೇಡ, ಸಾಲ ಮಾಡಿ ತರುವಂಥದ್ದೂ ಬೇಡ. ಓಡಾಡೋದು ಪರಿಚಯದವರ ಉತ್ತ ಹೊಲದಲ್ಲಿ, ಅಪರೂಪಕ್ಕೆ ಸಮುದ್ರ ತೀರದಲ್ಲಿ. ಎರಡು ಕಡೆಗೂ ಅನುಮತಿ ಇದೆ. ಇವರು ಎಡಗೈಯವರು, ಆ ಭುಜಾನೇ ಸ್ವಲ್ಪ ನೋಯುತ್ತೆ. ಸಿಂಪ್ಲೆಕ್ಸ್, ವ್ಯಾಂಕ್ವಿಶ್, ಏಸ್ ಮೂರು ಹೆಸರು ಕಿವಿಗೆ ಬಿದ್ದಿವೆ. ಗುಟ್ಟಾಗಿ ತರಿಸ್ಬೇಕು, ಅದಕ್ಕೇ ಅವರನ್ನ ಕೇಳೋ ಹಾಗಿಲ್ಲ.

ತುಕ್ಕುಮೊಳೆ:
ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್. ಬೇರೆ ಮಾತೇ ಇಲ್ಲ. 12 ಕಿಲೋಹರ್ಟ್ಜ್‌ನ ಒಂದೇ ಫ್ರೀಕ್ವೆನ್ಸಿ, 11 ಇಂಚಿನ ಡಿಡಿ ಕಾಯಿಲ್ (ನೆಲದ ಮೇಲೆ ಬೀಸೋ ಚಪ್ಪಟೆ ತಲೆ, ಒಳಗೆ ಇಂಗ್ಲಿಷ್ D ಆಕಾರದ ಎರಡು ತಂತಿ ಸುರುಳಿ), ಇಡೀ ಯಂತ್ರವೇ 3 ಮೀಟರ್ ನೀರಲ್ಲಿ ಮುಳುಗಿದ್ರೂ ತಡೆಯುತ್ತೆ. ಈಗ ಅದರ ಜಾಗಕ್ಕೆ ಲೈಟ್, ಬಿಟಿ, ಅಲ್ಟ್ರಾ ಅಂತ ಬಂದಿವೆ. ಹಳೇ ಪ್ಲಸ್ ಸೆಕೆಂಡ್ ಹ್ಯಾಂಡಲ್ಲಿ ಸಿಕ್ಕಿದ್ರೆ ಬಿಡ್ಬೇಡಿ.

ಈ ದರದಲ್ಲಿ ಗ್ರೌಂಡ್ ಬ್ಯಾಲೆನ್ಸ್, ಅಂದ್ರೆ ಮಣ್ಣಿನ ಸದ್ದು ಅಡಗಿಸೋ ಹೊಂದಾಣಿಕೆ, ನಮ್ಮ ಕೈಲಿರೋ ಯಂತ್ರ ಸಿಗೋದೇ ಕಷ್ಟ. ಕೆಂಪು ಮಣ್ಣಲ್ಲಿ ಕಬ್ಬಿಣದ ಅಂಶ ಜಾಸ್ತಿ. ಬ್ಯಾಲೆನ್ಸ್ ಮಾಡದೆ ಬೀಸಿದ್ರೆ ಮಣ್ಣೇ ಕೂಗುತ್ತೆ, ನಾಣ್ಯ ಸುಮ್ಮನಿರುತ್ತೆ. ಮಾಡೋದು ಸುಲಭ: ಲೋಹ ಇಲ್ಲದ ಜಾಗ ಹುಡುಕಿ, ಬಟನ್ ಒತ್ತಿ ಹಿಡ್ಕೊಂಡು ಕಾಯಿಲನ್ನ 15-20 ಸೆಂ.ಮೀ. ಎತ್ತರದಿಂದ ನೆಲಕ್ಕೆ 3 ಸೆಂ.ಮೀ. ಹತ್ತಿರದವರೆಗೆ ಏರಿಸಿ ಇಳಿಸಿ ಮಾಡ್ತಾ ಇರಿ. ಸದ್ದು ಅಡಗಿದ ಮೇಲೆ ಬಿಡಿ. ಹೂತ ಮೊಳೆ ಮೇಲೆ ನಿಂತು ಬ್ಯಾಲೆನ್ಸ್ ಮಾಡಿ ಆಮೇಲೆ ಯಂತ್ರಕ್ಕೆ ಬಯ್ಯೋರು ಬೇಕಾದಷ್ಟು ಜನ. ಮೊದಲು ಸುತ್ತ ಒಂದು ಸಲ ಬೀಸಿ, ಸದ್ದಿಲ್ಲ ಅಂತ ಖಾತ್ರಿ ಮಾಡ್ಕೊಂಡೇ ಶುರು ಮಾಡ್ಬೇಕು. ಮಣ್ಣಿನ ಬಣ್ಣ ಬದಲಾದಾಗ, ಮಳೆ ಬಂದು ನಿಂತಾಗ, ಮತ್ತೆ ಮಾಡ್ಬೇಕು.

ಉಪ್ಪುಮರಳು:
ಸಮುದ್ರ ತೀರ ಅಂತ ಅವರೇ ಬರೆದಿದ್ದಾರೆ, ನೀವು ಒಂಟಿ ಫ್ರೀಕ್ವೆನ್ಸಿ ಯಂತ್ರಾನ ತಲೆಗೆ ಕಟ್ತಿದ್ದೀರಿ. ಒದ್ದೆ ಉಪ್ಪು ಮರಳು ವಿದ್ಯುತ್ ಹರಿಸುತ್ತೆ, ಅದೇ ಒಂದು ದೊಡ್ಡ ಲೋಹದ ತಗಡಿನ ಹಾಗೆ ಕಾಣುತ್ತೆ. ಒಂಟಿ ಫ್ರೀಕ್ವೆನ್ಸಿಯಲ್ಲಿ ಉಪ್ಪಿಗೆ ಹೊಂದಿಸಿದ್ರೆ ಕಬ್ಬಿಣದ ಕರಿ ಮರಳು ಕೂಗುತ್ತೆ, ಕರಿ ಮರಳಿಗೆ ಹೊಂದಿಸಿದ್ರೆ ಉಪ್ಪು ಕೂಗುತ್ತೆ. ಕೊನೆಗೆ ಸೆನ್ಸಿಟಿವಿಟಿ ಅರ್ಧಕ್ಕೆ ಇಳಿಸ್ಬೇಕು, ಆಳ ಹೋಯ್ತು.

ಮೈನ್‌ಲ್ಯಾಬ್ ವ್ಯಾಂಕ್ವಿಶ್ ಸಾಲಿನಲ್ಲಿ 340, 440, 540 ಮೂರೂ ಏಕಕಾಲಕ್ಕೆ ಹಲವು ಫ್ರೀಕ್ವೆನ್ಸಿ ಬಳಸ್ತವೆ. ಮಣ್ಣಿಗೆ ತಾವೇ ಹೊಂದಿಕೊಳ್ತವೆ, ಪಂಪ್ ಹೊಡೆಯೋ ವ್ಯಾಯಾಮ ಇಲ್ಲ. 440 ತಗೊಳ್ಳಿ, ಕಣ್ಣು ಮುಚ್ಚಿ.

ತುಕ್ಕುಮೊಳೆ:
ಕಣ್ಣು ಮುಚ್ಚಿ ತಗೊಂಡು ಅಲೆ ಬಂದಾಗ ಕಣ್ಣು ಬಿಡಿ. ವ್ಯಾಂಕ್ವಿಶ್‌ನ ಕಾಯಿಲ್ ಮಾತ್ರ 1 ಮೀಟರ್ ನೀರಿಗಿಳಿಯುತ್ತೆ, ಮೇಲಿನ ಪೆಟ್ಟಿಗೆಗೆ ನೀರು ಆಗಲ್ಲ. ಅದನ್ಯಾಕೆ ಹೇಳಲಿಲ್ಲ? ಮಳೆಗೂ ಕವರ್ ಬೇಕು. ಬೆವರು, ಉಪ್ಪುಗಾಳಿ ಎರಡೂ ಸೇರಿ ಹೆಡ್‌ಫೋನ್ ಸಾಕೆಟ್ ಹಸಿರು ಹಿಡಿದ ಮೇಲೆ ಎಷ್ಟು ಫ್ರೀಕ್ವೆನ್ಸಿ ಇದ್ದು ಏನು ಪ್ರಯೋಜನ.

ಉಪ್ಪುಮರಳು:
ನೀರಿಗೆ ಇಳೀತೀವಿ ಅಂತ ಅವರು ಎಲ್ಲಿ ಬರೆದಿದ್ದಾರೆ ಸ್ವಾಮಿ? ತೀರ ಅಂದ್ರೆ ತೀರ. ಮೊಣಕಾಲುದ್ದ ನೀರಿನವರೆಗೂ ಪೆಟ್ಟಿಗೆ ಒಣಗೇ ಇರುತ್ತೆ. ಮನೆಗೆ ಬಂದ ಮೇಲೆ ಕಾಯಿಲ್, ಕೆಳಗಿನ ಕೋಲು ಎರಡನ್ನೂ ಸಿಹಿನೀರಲ್ಲಿ ತೊಳೀಬೇಕು, ಇದು ಯಾವ ಯಂತ್ರಕ್ಕಾದ್ರೂ ಅಷ್ಟೇ. ಕೋಲಿನ ಲಾಕ್ ಒಳಗೆ ಮರಳು ಕೂತರೆ ಆಮೇಲೆ ಎಳೆದರೂ ಬರಲ್ಲ, ತಿರುಗಿಸಿದರೂ ಬರಲ್ಲ. ಕಾಯಿಲ್ ಕವರ್ ಬಿಚ್ಚಿ ತೊಳೀರಿ. ಒಳಗೆ ಸೇರಿದ ಕರಿ ಮರಳು ಕಾಯಿಲ್ ಜೊತೆಗೇ ಓಡಾಡ್ತಾ ಸುಳ್ಳು ಸದ್ದು ಕೊಡುತ್ತೆ. ಯಂತ್ರ ಕೆಟ್ಟಿದೆ ಅಂತ ವಾಪಸ್ ಕಳಿಸಿದ ಎಷ್ಟೋ ಯಂತ್ರಗಳ ರೋಗ ಒಂದು ಹಿಡಿ ಮರಳು.

ನಾಲ್ಕುಸೆಲ್ಲು:
ಇಬ್ಬರೂ ಹೊಸಬರಿಗೆ ತಲೆ ಕೆಡಿಸ್ತಿದ್ದೀರಿ. ಗ್ಯಾರೆಟ್ ಏಸ್ 300: ಆನ್ ಮಾಡಿ, ಬೀಸಿ, ಮುಗೀತು. 8 ಕಿಲೋಹರ್ಟ್ಜ್, ಬೆಳ್ಳಿ ತಾಮ್ರಕ್ಕೆ ಚೆನ್ನಾಗಿ ಮಾತಾಡುತ್ತೆ. ಗ್ರೌಂಡ್ ಬ್ಯಾಲೆನ್ಸ್ ಕಾರ್ಖಾನೆಯಲ್ಲೇ ಕೂರಿಸಿರೋದು. ತೀರಾ ಕೆಟ್ಟ ಮಣ್ಣು ಬಿಟ್ಟರೆ ಏನೂ ತೊಂದರೆ ಇಲ್ಲ.

ಮುಖ್ಯ ವಿಷಯ ಸೆಲ್ಲು. ಏಸ್‌ಗೂ ವ್ಯಾಂಕ್ವಿಶ್‌ಗೂ ನಾಲ್ಕು ಎಎ ಸೆಲ್ ಸಾಕು, ಹೊಲದ ನಡುವೆ ಮುಗಿದ್ರೆ ಜೇಬಿಂದ ಬದಲಾಯಿಸ್ಬಹುದು. ಸಿಂಪ್ಲೆಕ್ಸ್‌ದು ಒಳಗೇ ಕೂರಿಸಿದ ಲಿಥಿಯಂ. ಪೂರ್ತಿ ಖಾಲಿ ಮಾಡಿ ಮೂಲೆಯಲ್ಲಿಟ್ಟು ಮರೆತ್ರೆ ಮತ್ತೆ ಏಳಲ್ಲ. ಅರ್ಧ ಚಾರ್ಜಲ್ಲಿ ಇಟ್ಟು, ಕೆಲವು ತಿಂಗಳಿಗೊಮ್ಮೆ ತುಂಬಿಸ್ತಾ ಇರ್ಬೇಕು. ಉಡುಗೊರೆ ಕೊಟ್ಟವರು ಇದನ್ನ ನೆನಪಿಟ್ಕೋಬೇಕಾ?

ತುಕ್ಕುಮೊಳೆ:
ಆಲ್ಕಲೈನ್ ಸೆಲ್ ಒಳಗೇ ಬಿಟ್ಟು ಮರೆತ್ರೆ ಏನಾಗುತ್ತೆ ಅದನ್ನೂ ಬರೀರಿ. ಸೋರಿ, ಸ್ಪ್ರಿಂಗು ತಿಂದು, ಹೋಲ್ಡರೇ ಬದಲಾಯಿಸೋ ಗತಿ. ಪವರ್ ಬ್ಯಾಂಕ್ ಅನ್ನೋದೊಂದು ಇದೆ, ಗೊತ್ತಾ?

ನಾಲ್ಕುಸೆಲ್ಲು:
ರೀಚಾರ್ಜೆಬಲ್ ನಿಕಲ್ ಸೆಲ್ ಹಾಕಿ ಮಾರಾಯ್ರೆ. 1.2 ವೋಲ್ಟಿನ ನಾಲ್ಕು ಸೇರಿದ್ರೆ 4.8, ಆಲ್ಕಲೈನ್ ಆದ್ರೆ 6. ಬ್ಯಾಟರಿ ಗೆರೆ ಒಂದು ಕಡಿಮೆ ತೋರಿಸುತ್ತೆ, ಓಡೋದೇನೂ ನಿಲ್ಲಲ್ಲ. ಆ ಗೆರೆ ನೋಡಿ ‘ಹಾಳು ಯಂತ್ರ’ ಅಂತ ಬರೆಯೋರನ್ನ ಏನೂ ಮಾಡೋಕಾಗಲ್ಲ.

ಕ್ಯಾರೆಟ್‌ಕೈ:
ಮೂವರೂ ಯಂತ್ರ ಯಂತ್ರ ಅಂತ ಕಿತ್ತಾಡಿ. ಪಿನ್‌ಪಾಯಿಂಟರ್ ಬಗ್ಗೆ ಒಬ್ಬರೂ ಉಸಿರೆತ್ತಿಲ್ಲ. ಅಕ್ಕಾ, ಎಲ್ಲಾ ದುಡ್ಡೂ ಯಂತ್ರಕ್ಕೇ ಸುರೀಬೇಡಿ. ಇಟ್ಟಿರೋ ಹಣದಲ್ಲಿ ಮೂರರಲ್ಲೊಂದು ಪಾಲು ಬದಿಗಿಡಿ. ದೊಡ್ಡ ಮಾಡೆಲ್ ಬದಲು ಒಂದು ಮೆಟ್ಟಿಲು ಕೆಳಗಿನದನ್ನ ತಗೊಂಡು ಜೊತೆಗೆ ಒಳ್ಳೇ ಪಿನ್‌ಪಾಯಿಂಟರ್ ಕೊಡಿ. ಕೈಯಳತೆಯ ಕೋಲು ಅದು, ತುದಿ ಲೋಹಕ್ಕೆ ಹತ್ತಿರ ಬಂದಷ್ಟೂ ಜೋರಾಗಿ ನಡುಗುತ್ತೆ. ಅದಿಲ್ಲದಿದ್ರೆ ಅಗೆದ ಮಣ್ಣನ್ನ ಹಿಡಿ ಹಿಡಿಯಾಗಿ ಕಾಯಿಲ್ ಮುಂದೆ ಆಡಿಸ್ತಾ ಕೂರ್ಬೇಕು. ಉಂಗುರ, ಗಡಿಯಾರ ಬಿಚ್ಚಿಡದಿದ್ರೆ ಅದೂ ಕೂಗುತ್ತೆ, ತಮಾಷೆ.

ಅಗೆಯೋದಕ್ಕೆ ತೋಟದ ಮೆತ್ತನೆ ತಗಡಿನ ಕರಣೆ ಬೇಡ, ಕಲ್ಲು ಸಿಕ್ಕ ಮೊದಲ ಏಟಿಗೆ ಕುತ್ತಿಗೆ ಬಗ್ಗುತ್ತೆ. ಅಂಚಲ್ಲಿ ಗರಗಸದ ಹಲ್ಲಿರೋ, ಒಂದೇ ತುಂಡಿನ ಉಕ್ಕಿನ ಅಗೆಯೋ ಚೂರಿ ತಗೊಳ್ಳಿ. ತೀರಕ್ಕೆ ತೂತಿನ ಸ್ಟೀಲ್ ಜರಡಿ ಸೌಟು. ಹುಲ್ಲಿರೋ ಕಡೆ ಮೂರು ಬದಿ ಕೊಯ್ದು ನಾಲ್ಕನೇದನ್ನ ಕೀಲಿನ ಹಾಗೆ ಬಿಡಬೇಕು. ಮಣ್ಣನ್ನ ಬಟ್ಟೆ ಮೇಲೆ ಹಾಕಿ, ಗುಂಡಿ ಇನ್ನೊಂದು ಸಲ ನೋಡಿ, ಮಣ್ಣು ವಾಪಸ್ ಸುರಿದು, ಹುಲ್ಲು ಮಡಚಿ ತುಳೀಬೇಕು. ಮುಚ್ಚದ ಒಂದು ಗುಂಡಿಯಲ್ಲಿ ದನದ ಕಾಲು ಸಿಕ್ಕಿದ್ರೆ ಆ ಹೊಲದ ಅನುಮತಿ ಅವತ್ತಿಗೇ ಮುಗೀತು. ಚೀಲಕ್ಕೆ ಎರಡು ಖಾನೆ ಇರ್ಲಿ, ಒಂದು ಕಸಕ್ಕೆ. ಕಸವನ್ನ ಅಲ್ಲೇ ಹೂತರೆ ಮುಂದಿನ ಸಲ ಅದನ್ನೇ ಅಗೀತೀರಿ.

ಉಪ್ಪುಮರಳು:
ಪಿನ್‌ಪಾಯಿಂಟರ್ ಆಮೇಲೂ ಕೊಳ್ಳಬಹುದು. ಡಿಡಿ ಕಾಯಿಲನ್ನ ಸಣ್ಣದಾಗಿ ಅಲುಗಾಡಿಸ್ತಾ ಹಿಂದಕ್ಕೆ ಎಳೀರಿ, ಸದ್ದು ಎಲ್ಲಿ ಕಡಿಯುತ್ತೋ ಅಲ್ಲಿ ವಸ್ತು ಕಾಯಿಲಿನ ಮೂತಿಯ ಮುಂದೆಯೇ ಇರುತ್ತೆ. ಎಲ್ಲರಿಗೂ ಸಾಮಾನು ಮಾರೋ ಹಾಗೆ ಬರೀಬೇಡಿ.

ಕ್ಯಾರೆಟ್‌ಕೈ:
ಒಣ ಮರಳಿಗೆ ಸರಿ. ಉತ್ತ ಹೊಲದ ಹೆಂಟೆಯಲ್ಲಿ ಹೆಬ್ಬೆರಳಿನಷ್ಟು ಲೋಹದ ಬಟನ್ ಎಲ್ಲಿದೆ ಅಂತ ಮೂತಿ ನೋಡಿ ಹುಡುಕಿ ತೋರಿಸಿ. ನಾನು ಮಾರೋನಲ್ಲ.

ಸುಮ್ಮನೋದುಗ:
ಒಂದು ಪ್ರಶ್ನೆ. ಕಸ ಬೇಡ ಅಂದ್ರೆ ಡಬ್ಬಿ ಎಳೆಯೋ ರಿಂಗ್‌ಗಳಿಗೆ ಯಂತ್ರ ತೋರಿಸೋ ನಂಬರನ್ನ ಮುಚ್ಚಿಬಿಟ್ರೆ ಆಗಲ್ವಾ? ಡಿಸ್ಕ್ರಿಮಿನೇಷನ್ (ಬೇಡದ ಲೋಹಕ್ಕೆ ಸದ್ದು ಬಾರದ ಹಾಗೆ ಮಾಡೋದು) ಇರೋದೇ ಅದಕ್ಕಲ್ವಾ?

ನಾಲ್ಕುಸೆಲ್ಲು:
ಮುಚ್ಚಿ. ಜೊತೆಗೆ ಚಿನ್ನದ ಉಂಗುರವನ್ನೂ ಮುಚ್ಚಿ. ಯಂತ್ರಕ್ಕೆ ಚಿನ್ನ ಅಲ್ಯೂಮಿನಿಯಂ ಅನ್ನೋ ಭೇದ ಗೊತ್ತಿಲ್ಲ. ಲೋಹದ ವಾಹಕತೆ, ಗಾತ್ರ, ದಪ್ಪ ಸೇರಿ ಬಂದ ಒಂದು ಅಂಕಿ ಅಷ್ಟೇ ತೋರಿಸೋದು. ತೆಳ್ಳನೆ ಉಂಗುರ ಸಿಗರೇಟು ಪ್ಯಾಕಿನ ಅಲ್ಯೂಮಿನಿಯಂ ಹಾಳೆಯ ಪಕ್ಕ ಬೀಳುತ್ತೆ, ದಪ್ಪದ್ದು ಡಬ್ಬಿ ರಿಂಗ್ ಪಕ್ಕ. ಕಬ್ಬಿಣ ಮಾತ್ರ ಮುಚ್ಚಿ, ಉಳಿದದ್ದೆಲ್ಲಾ ಅಗೀರಿ.

ತುಕ್ಕುಮೊಳೆ:
ಕಬ್ಬಿಣವೂ ಮೋಸ ಮಾಡುತ್ತೆ. ಬಾಟಲಿ ಮುಚ್ಚಳ, ಚಪ್ಪಟೆ ದೊಡ್ಡ ಕಬ್ಬಿಣದ ತುಂಡು ಬೆಳ್ಳಿಯ ನಂಬರಿಗೇ ನೆಗೀತವೆ. ಸದ್ದು ಬಂದ ಜಾಗದಲ್ಲಿ ಕಾಲು ಸುತ್ತು ತಿರುಗಿ ಅಡ್ಡ ಬೀಸಿ. ಎರಡೂ ದಿಕ್ಕಿಂದ ಒಂದೇ ನಂಬರ್ ಬಂದ್ರೆ ಅಗೀರಿ, ಒಂದು ದಿಕ್ಕಲ್ಲಿ ಮಾಯ ಆದ್ರೆ ಬಹುತೇಕ ಮೊಳೆ. ಉಕ್ಕಿನ ಮೂತಿಯ ಬೂಟು ಹಾಕಿದ್ರೆ ಪ್ರತಿ ಬೀಸಿಗೂ ಕಾಲೇ ಕೂಗುತ್ತೆ. 1881ರಲ್ಲಿ ಗ್ರಹಾಂ ಬೆಲ್ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಮೈಯೊಳಗಿನ ಗುಂಡು ಹುಡುಕೋಕೆ ಹೋದಾಗಲೂ ಹಾಸಿಗೆಯ ಲೋಹದ ಸ್ಪ್ರಿಂಗು ಅಡ್ಡ ಬಂದಿತ್ತಂತೆ. ಬೆಲ್‌ಗೇ ಬಿಡದ ಕಾಟ ನಮಗೆ ಬಿಡುತ್ತಾ.

ಆಳದಾಸೆ:
ಇಷ್ಟೆಲ್ಲಾ ಯಾಕೆ, 10 ಮೀಟರ್ ಆಳದ ಚಿನ್ನ ತೋರಿಸೋ ದೂರಶೋಧಕ ಬಂದಿದೆ. ಫೋನಲ್ಲೂ ಆ್ಯಪ್ ಇದೆ, ಪುಕ್ಕಟೆ.

ಕ್ಯಾರೆಟ್‌ಕೈ:
ದಯವಿಟ್ಟು ಇಲ್ಲಿ ಬೇಡ. ಫೋನಲ್ಲಿರೋದು ದಿಕ್ಸೂಚಿಗೆ ಇಟ್ಟ ಕಾಂತ ಸಂವೇದಕ. ಕಬ್ಬಿಣ ಪಕ್ಕಕ್ಕೆ ಬಂದ್ರೆ ಮುಳ್ಳು ಅಲ್ಲಾಡುತ್ತೆ, ಚಿನ್ನ ಬೆಳ್ಳಿ ತಾಮ್ರ ಅದರ ಕಣ್ಣಿಗೇ ಬೀಳಲ್ಲ. ಇನ್ನು ಆಂಟೆನಾ ಕಡ್ಡಿಯ ದೂರಶೋಧಕ. ಏಡಿಇ 651 ಅಂತ ಅಂಥದ್ದೇ ಕಡ್ಡಿಯನ್ನ ಬಾಂಬ್ ಪತ್ತೆ ಯಂತ್ರ ಅಂತ ಇರಾಕ್‌ಗೆ ಮಾರಿದವನಿಗೆ 2013ರಲ್ಲಿ ಬ್ರಿಟನ್ ಕೋರ್ಟು 10 ವರ್ಷ ಜೈಲು ಹಾಕಿತು. ಈ ದರದ ನಿಜವಾದ ಯಂತ್ರ ನಾಣ್ಯವನ್ನ ಹಿಡಿಯೋದು ಹೆಚ್ಚು ಕಡಿಮೆ ಕಾಯಿಲಿನ ಅಗಲದಷ್ಟು ಆಳಕ್ಕೆ, ಅಂದ್ರೆ ಒಂದು ಗೇಣು.

ಆಳದಾಸೆ:
ಬಳಸದೆ ಟೀಕೆ ಮಾಡೋರಿಗೆ ಏನು ಹೇಳೋದು.

ಉಪ್ಪುಮರಳು:
ಬಳಸಿದ್ರೆ ಏನು ಸಿಕ್ತು ಅಂತ ಹೇಳಿ, ಅಷ್ಟು ಸಾಕು. ಇನ್ನೊಂದು: ಅರ್ಧ ದರಕ್ಕೆ ಹೆಸರಾಂತ ಯಂತ್ರ ಅಂದ್ರೆ ನಕಲಿ ಇರಬಹುದು. ಸೀರಿಯಲ್ ನಂಬರನ್ನ ದುಡ್ಡು ಕೊಡೋ ಮೊದಲೇ ತಯಾರಕರ ಹತ್ತಿರ ಕೇಳಿ ನೋಡಿ.

ಹೊಸಗುದ್ದಲಿ:
ಎಲ್ಲರಿಗೂ ಧನ್ಯವಾದ, ತುಂಬಾ ತಿಳೀತು. ಆದ್ರೆ ಎಡಗೈ, ಭುಜದ ನೋವು ಅಂತ ಬರೆದಿದ್ದೆ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ನಾಲ್ಕುಸೆಲ್ಲು:
ತಪ್ಪಾಯ್ತು ಅಕ್ಕಾ. ಎಡಗೈಗೆ ಅಂತ ಬೇರೆ ಯಂತ್ರ ಬೇಡ, ಮೂರನ್ನೂ ಯಾವ ಕೈಯಲ್ಲಾದ್ರೂ ಹಿಡೀಬಹುದು. ಹೆಡ್‌ಫೋನ್ ತಂತಿ ಯಾವ ಕಡೆಯಿಂದ ಹೊರಡುತ್ತೆ ನೋಡಿ, ಕೈಗೆ ಅಡ್ಡ ಬಂದ್ರೆ ತಂತಿಯನ್ನ ಬೆನ್ನ ಹಿಂದಿಂದ ತರಿಸಿ. ಬ್ಲೂಟೂತ್ ಹೆಡ್‌ಫೋನ್ ಆದ್ರೆ ಸದ್ದು ತಡವಾಗದ ಜಾತಿದೇ ಆಗ್ಬೇಕು. ಇಲ್ಲದಿದ್ರೆ ಕಿವಿಗೆ ಕೇಳೋಷ್ಟರಲ್ಲಿ ಕಾಯಿಲ್ ಮುಂದೆ ಹೋಗಿರುತ್ತೆ.

ಭುಜದ ಮಾತು: ಮೂರೂ ಸುಮಾರು 1.2-1.3 ಕೆ.ಜಿ. ತೂಕದವು. ನೋವು ಕೊಡೋದು ತೂಕಕ್ಕಿಂತ ಮುಂಭಾರ. ಕೋಲಿನ ಉದ್ದವನ್ನ, ನೆಟ್ಟಗೆ ನಿಂತು ಕೈ ಸಡಿಲ ಬಿಟ್ಟಾಗ ಕಾಯಿಲ್ ಪಾದಕ್ಕಿಂತ ಸ್ವಲ್ಪ ಮುಂದೆ, ನೆಲಕ್ಕೆ 2-3 ಸೆಂ.ಮೀ. ಮೇಲೆ ಇರೋ ಹಾಗೆ ಕೂರಿಸಿ. ಉದ್ದ ಜಾಸ್ತಿಯಾದ್ರೆ ಭುಜ ಎತ್ತಿ ಹಿಡೀಬೇಕಾಗುತ್ತೆ. ತೋಳು ಕೂರೋ ತೊಟ್ಟಿಲು ಮೊಣಕೈಯ ಕೆಳಗೇ ಬರಲಿ. ಬೀಸೋದು ಸೊಂಟದಿಂದ, ತುದಿಯಲ್ಲಿ ಕಾಯಿಲ್ ಎತ್ತಬಾರದು. ಸಣ್ಣ ಕಾಯಿಲ್ ಸಿಕ್ಕಿದ್ರೆ ಹಗುರ, ಮೊಳೆ ತುಂಬಿದ ಹೊಲಕ್ಕೂ ಅದೇ ಒಳ್ಳೇದು.

ಕ್ಯಾರೆಟ್‌ಕೈ:
ಕಾಯಿಲ್ ತಂತಿಯನ್ನ ಕೋಲಿಗೆ ಬಿಗಿಯಾಗಿ ಸುತ್ತಿ, ತೂಗಾಡಿದ್ರೆ ಸುಳ್ಳು ಸದ್ದು. ಆದ್ರೆ ಕಾಯಿಲ್ ಹತ್ತಿರ ಒಂದೆರಡು ಇಂಚು ಸಡಿಲ ಇರಲಿ, ಇಲ್ಲದಿದ್ರೆ ಕಾಯಿಲ್ ಬಾಗಿಸುವಾಗ ತಂತಿ ಕಿತ್ತು ಬರುತ್ತೆ. ಬೋಲ್ಟನ್ನ ಕೈಯಲ್ಲೇ ಬಿಗೀರಿ. ಇಕ್ಕಳ ಹಾಕಿದ್ರೆ ಕಾಯಿಲಿನ ಕಿವಿ ಮುರಿಯುತ್ತೆ.

ತುಕ್ಕುಮೊಳೆ:
ಕೈಯಲ್ಲಿ ಬಿಗಿದ್ರೆ ಹತ್ತು ನಿಮಿಷಕ್ಕೆ ಸಡಿಲ. ಸ್ಟೀಲ್ ಬೋಲ್ಟ್ ಹಾಕೋದೇ ಸರಿ.

ಕ್ಯಾರೆಟ್‌ಕೈ:
ಕಾಯಿಲಿನ ತಲೆ ಮೇಲೆ ಸ್ಟೀಲ್ ಬೋಲ್ಟ್! ಪ್ಲಾಸ್ಟಿಕ್ ಬೋಲ್ಟ್ ಯಾಕೆ ಕೊಟ್ಟಿದ್ದಾರೆ ಅಂತ ಒಂದು ಸಲ ಯೋಚಿಸಿ. ಸಡಿಲ ಆಗ್ತಿರೋದು ಬೋಲ್ಟಿಂದ ಅಲ್ಲ, ರಬ್ಬರ್ ವಾಷರಿಗೆ ಮಣ್ಣು ಹತ್ತಿದೆ. ತೊಳೆದು, ಒಣಗಿಸಿ ಹಾಕಿ.