ನಕ್ಷೆಯಲ್ಲಿ 3 ಮೀಟರ್ ಆಳ, ಆದರೂ ನದಿ ಜೆಟ್ಟಿಯಲ್ಲಿ ಬಾರ್ಜ್ ತಳ ತಾಗುತ್ತಿದೆ. ಯಾಕೆ?

ಅಳಿವೆ:
1,000 ಟನ್ ಹೊರುವ ಬಾರ್ಜ್‌ಗಳಿಗೆ ಕಂಬಗಳ ಮೇಲೆ ಕಟ್ಟಿದ ನದಿ ಜೆಟ್ಟಿ. ತುಂಬಿದ ಬಾರ್ಜ್‌ನ ಡ್ರಾಫ್ಟ್ (ನೀರಿನಲ್ಲಿ ಮುಳುಗುವ ಆಳ) 2.5 ಮೀ., ಅಗಲ 11 ಮೀ. ಸರ್ವೆ ನಕ್ಷೆಯಲ್ಲಿ ಜೆಟ್ಟಿಯ ಮುಂದೆ 3 ಮೀ. ಆಳ ತೋರಿಸಿದ್ದಾರೆ. ನೀರು ಇಳಿದ ತಿಂಗಳುಗಳಲ್ಲಿ ಲೋಡಿಂಗ್ ಮುಗಿಯುವ ಹೊತ್ತಿಗೆ ಬಾರ್ಜ್ ನೆಲಕ್ಕೆ ಕೂರುತ್ತದೆ. ಪ್ರತಿ ಪ್ರವಾಹಕ್ಕೆ 60 ಸೆಂ.ಮೀ. ಹೂಳು. ಎಷ್ಟು ಆಳಕ್ಕೆ ಡ್ರೆಜಿಂಗ್ (ನದಿತಳ ಅಗೆದು ಹೂಳು ತೆಗೆಯುವುದು) ಬೇಕು? ನೀರಿನ ಮಟ್ಟ 4 ಮೀ. ಏರಿಳಿಯುತ್ತದೆ, ಪಾಂಟೂನ್ (ನೀರಿನೊಂದಿಗೆ ಏರಿಳಿಯುವ ತೇಲುವ ವೇದಿಕೆ) ಹಾಕುವುದು ಒಳ್ಳೆಯದೇ?

ಲಂಗರು:
ಆ 3 ಮೀ. ಯಾವ ಮಟ್ಟದಿಂದ ಅಳೆದದ್ದು? ಸರ್ವೆಯ ದಿನದ ನೀರಿನಿಂದಲೋ, ಕನಿಷ್ಠ ನೀರಿನ ಮಟ್ಟದಿಂದಲೋ? ದಡದಲ್ಲಿ ನೀರಿನ ಮಟ್ಟ ತೋರಿಸುವ ಮಾಪಕದ ಅಂಕಿಯೂ ಆಳವೂ ಒಂದೇ ಅಲ್ಲ. ಜರ್ಮನಿಯಲ್ಲಿ ರೈನ್ ನದಿಯ ದಡದ ಕೌಬ್ ಊರಿನಲ್ಲಿ 2022ರ ಆಗಸ್ಟ್‌ನಲ್ಲಿ ಮಾಪಕ 40 ಸೆಂ.ಮೀ.ಗಿಂತ ಕೆಳಗಿಳಿದಾಗಲೂ ಹಡಗುಗಳು ಕಡಿಮೆ ಸರಕು ಹೊತ್ತು ದಾಟಿದವು. ಹಡಗಿನ ದಾರಿಯ ನಿಜವಾದ ಆಳ ಅದಕ್ಕಿಂತ ಮೀಟರಿಗೂ ಹೆಚ್ಚಿರುತ್ತದೆ.

ಕನಿಷ್ಠ ಮಟ್ಟದಿಂದ ಲೆಕ್ಕ ಹಾಕಿ. ಡ್ರಾಫ್ಟ್ 2.50. ಅದು ಸಮುದ್ರದ ನೀರಿನಲ್ಲಿ ಹೇಳಿದ ಅಂಕಿಯಾದರೆ ಸಿಹಿನೀರಿನಲ್ಲಿ ಇನ್ನೂ 6 ಸೆಂ.ಮೀ. ಮುಳುಗುತ್ತದೆ. ಲೋಡ್ ಮಾಡುವಾಗ ಹಿಂಭಾಗ ತಗ್ಗುವುದಕ್ಕೆ 15 ಸೆಂ.ಮೀ. ಇಡಿ. ಒಂದೇ ಡಿಗ್ರಿ ವಾಲಿದರೂ 11 ಮೀ. ಅಗಲದ ಬಾರ್ಜ್‌ನ ಒಂದು ಅಂಚು ಸುಮಾರು 10 ಸೆಂ.ಮೀ. ಕೆಳಗೆ ಹೋಗುತ್ತದೆ. ತಳದಡಿ ಬಿಡುವು ಮೆತ್ತನೆಯ ಕೆಸರಿಗೆ 30, ಬಂಡೆಯಿದ್ದರೆ ಇನ್ನೂ ಹೆಚ್ಚು. ಇಷ್ಟಕ್ಕೇ 3.11 ಮೀ. ಹೂಳಿನ 60 ಸೇರಿದರೆ 3.7.

ಜೆಟ್ಟಿಗೆ ಬರುವ ದಾರಿಗೆ ಸ್ಕ್ವಾಟ್ (ಚಲಿಸುವಾಗ ಬಾರ್ಜ್ ಇನ್ನಷ್ಟು ತಗ್ಗುವುದು) ಬೇರೆ. ಕಿರಿದಾದ ನಾಲೆಯಲ್ಲಿ 0.85 ಬ್ಲಾಕ್ ಗುಣಾಂಕದ (ಮುಳುಗಿದ ಭಾಗ ಪೂರ್ತಿ ಪೆಟ್ಟಿಗೆಯಾಕಾರಕ್ಕೆ ಎಷ್ಟು ಹತ್ತಿರ ಎಂಬ ಅಂಕಿ) ಬಾರ್ಜ್ 6 ನಾಟ್ ವೇಗದಲ್ಲಿ ಸುಮಾರು 61 ಸೆಂ.ಮೀ. ತಗ್ಗುತ್ತದೆ, 4 ನಾಟ್‌ನಲ್ಲಿ 27. ವೇಗ ಇಳಿಸುವುದು ಡ್ರೆಜಿಂಗ್‌ಗಿಂತ ಅಗ್ಗ.

ಹೂಳೆತ್ತು:
3.7 ಎಂದ ಮಾತ್ರಕ್ಕೆ ಅಗೆಯಲು ಇಳಿಯಬೇಡಿ, ದಯವಿಟ್ಟು. ಜೆಟ್ಟಿಯ ವಿನ್ಯಾಸದಲ್ಲಿ ಹಿಡಿದ ಡ್ರೆಜ್ ಮಟ್ಟ ಎಷ್ಟೆಂದು ಮೊದಲು ನೋಡಿ. ಅದಕ್ಕಿಂತ ಕೆಳಗೆ ಹೋದರೆ ಕಂಬಗಳ ಹೂತ ಉದ್ದ ಕಡಿಮೆಯಾಗುತ್ತದೆ, ಆಸರೆಯಿಲ್ಲದ ಉದ್ದ ಹೆಚ್ಚುತ್ತದೆ. ಹಿಂದಿನ ಇಳಿಜಾರು ಜಾರಿದರೆ ಮಣ್ಣು ಕಂಬಗಳನ್ನೇ ನದಿಯತ್ತ ತಳ್ಳುತ್ತದೆ. ವಿನ್ಯಾಸ ಒಪ್ಪದಿದ್ದರೆ 3.4ಕ್ಕೆ ಇಟ್ಟು ವರ್ಷಕ್ಕೆ ಎರಡು ಸಲ ಹೂಳು ತೆಗೆಸಿ, ಇಲ್ಲವೇ ಕಡಿಮೆ ನೀರಿನ ತಿಂಗಳುಗಳಲ್ಲಿ ತುಂಬುವ ಸರಕು ಕಡಿಮೆ ಮಾಡಿ.

ಹೂಳು ಯಾಕೆ ಬೀಳುತ್ತದೆ ಅನ್ನುವುದೇ ದೊಡ್ಡ ಪ್ರಶ್ನೆ. ನದಿಯ ತಿರುವಿನ ಒಳಬದಿಯಲ್ಲಿದ್ದರೆ ಅದು ನಿಲ್ಲುವುದಿಲ್ಲ. ದಡದಿಂದ ಜೆಟ್ಟಿಗೆ ಕಲ್ಲು ತುಂಬಿ ದಾರಿ ಮಾಡಿದ್ದರೆ ಅದರ ಕೆಳಹರಿವಿನಲ್ಲಿ ಸುಳಿ ಎದ್ದು ಹೂಳು ಕೂರುತ್ತದೆ. ಆ ಭಾಗವನ್ನು ಕಂಬಗಳ ಮೇಲೆ ಎತ್ತಿ ನೀರಿಗೆ ದಾರಿ ಬಿಟ್ಟರೆ ಬಹಳಷ್ಟು ಕಡಿಮೆಯಾಗುತ್ತದೆ. ಟಗ್‌ನ ಪ್ರೊಪೆಲರ್ ಒಂದು ಕಡೆ ಗುಂಡಿ ತೋಡಿ ಪಕ್ಕದಲ್ಲೇ ದಿಬ್ಬ ಮಾಡುವುದೂ ಉಂಟು. ಸರಾಸರಿ ಆಳ ನೋಡಿದರೆ ಆ ದಿಬ್ಬ ಕಾಣುವುದೇ ಇಲ್ಲ.

ತೇಲುಸೇತು:
ಸರಕು ಕ್ರೇನ್ ಅಥವಾ ಕನ್ವೇಯರ್‌ನಲ್ಲಿ ಬರುವುದಾದರೆ ಸ್ಥಿರ ಜೆಟ್ಟಿಯೇ ಸಾಕು. ಲಾರಿ ಇಳಿಯಬೇಕಾದರೆ ಪಾಂಟೂನ್, ಆದರೆ 4 ಮೀ. ಏರಿಳಿತಕ್ಕೆ 1:10 ಇಳಿಜಾರಿನ ರಾಂಪ್ ಸುಮಾರು 40 ಮೀ. ಉದ್ದ ಬೇಕು. ಪಾಂಟೂನ್ ಅನ್ನು ಜಾಗದಲ್ಲೇ ಹಿಡಿದಿಡುವ ಕಂಬಗಳ (ಗೈಡ್ ಪೈಲ್) ತುದಿ ಅತಿ ಹೆಚ್ಚಿನ ಪ್ರವಾಹದಲ್ಲೂ ಪಾಂಟೂನ್ ಡೆಕ್‌ಗಿಂತ ಮೇಲಿರಲಿ, ಇಲ್ಲದಿದ್ದರೆ ಪಾಂಟೂನ್ ಕಳಚಿ ತೇಲಿಹೋಗುತ್ತದೆ. ಸ್ಥಿರ ಜೆಟ್ಟಿಗೆ ಫೆಂಡರ್ (ಬಾರ್ಜ್‌ನ ಹೊಡೆತ ತಡೆಯುವ ಮೆತ್ತೆ) ಕನಿಷ್ಠ ನೀರಿನ ಮಟ್ಟದವರೆಗೂ ಇಳಿದಿರಬೇಕು, ಬಾರ್ಜ್ ಅದರ ಅಡಿಗೆ ನುಸುಳಬಾರದು. ಸರಕೂ ಬಾರ್ಜೂ ಸೇರಿ 1,300 ಟನ್ ತೂಕಕ್ಕೆ ಸೆಕೆಂಡಿಗೆ 0.15 ಮೀ. ವೇಗದಲ್ಲಿ ಹೊಡೆತದ ಶಕ್ತಿ ಸುಮಾರು 15 ಕಿಲೋಜೂಲ್. ವೇಗ ಇಮ್ಮಡಿಯಾದರೆ ಹೊಡೆತ ನಾಲ್ಕು ಪಟ್ಟು.

ಅಳಿವೆ:
ಸರ್ವೆ ವರದಿ ತೆಗೆದು ನೋಡಿದೆ. ಶಬ್ದದ ಪ್ರತಿಧ್ವನಿಯಿಂದ ಆಳ ಅಳೆಯುವ ಉಪಕರಣವನ್ನು 33 ಕಿಲೋಹರ್ಟ್ಸ್ ಒಂದರಲ್ಲೇ ಇಟ್ಟು ಅಳೆದಿದ್ದಾರೆ.

ಲಂಗರು:
ಹಾಗಾದರೆ ಅಲ್ಲೇ ಒಂದು ಎಡವಟ್ಟಿರಬಹುದು. 33ರ ಶಬ್ದ ಮೆತ್ತನೆಯ ಕೆಸರನ್ನು ತೂರಿ ಕೆಳಗಿನ ಗಟ್ಟಿ ಪದರವನ್ನು ತೋರಿಸುತ್ತದೆ. 200 ಕಿಲೋಹರ್ಟ್ಸ್‌ನಲ್ಲೂ ಅಳೆಸಿ. ಎರಡರ ನಡುವಿನ ಅಂತರ ಎಂದರೆ ಕೆಸರಿನ ದಪ್ಪ. ಜೆಟ್ಟಿಯುದ್ದಕ್ಕೂ 5 ಮೀ.ಗೊಂದರಂತೆ ಸೀಸದ ಗುಂಡಿನ ಹಗ್ಗ ಇಳಿಸಿ ತಾಳೆ ನೋಡಿ.