ಪಾರ್ಕಿನ ಬೇಲಿಯ ಅಗ್ನಿಶಿಖೆ ಬಳ್ಳಿ: ಎಲ್ಲರೂ ಓದಿ

ಮನೆ 22: ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ. ಸಂಜೆ ನಮ್ಮ ನಾಯಿ ಪಾರ್ಕಿನ ಬೇಲಿ ಬುಡ ಕೆದರಿ ಏನೋ ಅಗಿದಿತ್ತು. ಮಧ್ಯರಾತ್ರಿಯಿಂದ ವಾಂತಿ, ಬೆಳಗಿನ ಜಾವಕ್ಕೆ ರಕ್ತಭೇದಿ. ಈಗ ಡ್ರಿಪ್ಸ್ ಹಾಕಿದ್ದಾರೆ. ಉಳಿಯುತ್ತೋ ಇಲ್ವೋ ಗೊತ್ತಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕ ಚೂರು ಅಗ್ನಿಶಿಖೆ ಗೆಡ್ಡೆ. ಅದೇ, ನೀವೆಲ್ಲ ಫೋಟೋ ತೆಗೆದು ಸ್ಟೇಟಸ್ ಹಾಕುವ ಬಳ್ಳಿ! ಹೋದ ಮಳೆಗಾಲದಲ್ಲೇ ಕಿತ್ತುಹಾಕಿ ಅಂದಿದ್ದೆ. ಯಾರು ಕೇಳಿದಿರಿ? ಇವತ್ತು ನಾಯಿ, ನಾಳೆ ಮಗು.

ಮನೆ 9: ನಾಯಿಯನ್ನು ಬೆಲ್ಟ್ ಹಾಕಿ ಕರೆದುಕೊಂಡು ಹೋಗಿ.

ಮನೆ 22: ಬೆಲ್ಟ್ ಹಾಕಿಯೇ ಇತ್ತು ಸರ್.

ಮನೆ 14: ನೆಟ್ಟವರು ಯಾರು ಅಂತ ಎಲ್ಲರಿಗೂ ಗೊತ್ತು. ಈಗ ಅವರೇ ಬಾಯಿ ಬಿಡಲಿ.

ಮನೆ 9: ಸುಮ್ನೆ ನನ್ನ ಮೇಲೆ ಹಾಕಬೇಡಿ. ನಾನು ನೆಟ್ಟಿದ್ದು ದಾಸವಾಳದ ಸಾಲು ಮಾತ್ರ. ಇದು ಕಾಡುಬಳ್ಳಿ. ಬಡಾವಣೆ ಆಗುವ ಮೊದಲು ಅಲ್ಲೆಲ್ಲ ಕುರುಚಲು ಪೊದೆ ಇತ್ತು. ತಾನಾಗಿಯೇ ಬಂದಿದೆ.

ಮನೆ 31: ಎರಡೂ ಆಗಿರಬಹುದು. ಆಫ್ರಿಕಾದಿಂದ ಭಾರತ, ಆಗ್ನೇಯ ಏಷ್ಯಾದವರೆಗೆ ಇದು ತಾನಾಗಿ ಬೆಳೆಯುವ ಬಳ್ಳಿ. ಬಿಸಿಲು ಬೀಳುವ ಕಾಡಂಚು, ಪೊದೆ, ಬೇಲಿ, ಮರಳು ನೆಲ ಇದ್ದರೆ ಸಾಕು. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ. ಬೇಲಿ ಹತ್ತಿರ ಹೋಗಿ ನೋಡಿ, ದಾಸವಾಳದ ಕಡ್ಡಿಗೆ ಎಲೆಗಳೇ ಸುತ್ತಿಕೊಂಡಿವೆ. ಬೇಸಿಗೆಯಲ್ಲಿ ಮೇಲಿನದೆಲ್ಲ ಒಣಗುತ್ತದೆ. ಗೆಡ್ಡೆ ಮಣ್ಣಲ್ಲಿ ಉಳಿದು ಮಳೆಗೆ ಚಿಗುರುತ್ತದೆ.

ಯಾರು ತಂದರು ಅನ್ನುವ ಜಗಳ ಬಿಡಿ. ಇಡೀ ಗಿಡದಲ್ಲಿ ಕಾಲ್ಚಿಸಿನ್ ವಿಷ ಇದೆ, ಗೆಡ್ಡೆ ಮತ್ತು ಬೀಜದಲ್ಲಿ ಜಾಸ್ತಿ. ಬೇಯಿಸಿದರೂ ಹೋಗುವುದಿಲ್ಲ. ಗೆಣಸು ಅಂದುಕೊಂಡು ತಿಂದು ಸತ್ತವರಿದ್ದಾರೆ. ಮೊದಲ ಕೆಲವು ಗಂಟೆ ಏನೂ ಗೊತ್ತಾಗದೆ ಇರಬಹುದು, ಅದೇ ಅಪಾಯ. ಮಗು ಬಾಯಿಗೆ ಹಾಕಿಕೊಂಡರೆ ವಾಂತಿ ಶುರುವಾಗಲಿ ಅಂತ ಕಾಯಬೇಡಿ. ಗಿಡದ ತುಂಡು ಸಮೇತ ಆಸ್ಪತ್ರೆಗೆ ಓಡಿ.

ಮನೆ 27: ನನ್ನ ಮಗ ಗೆಣಸು ಕಂಡರೇ ಓಡ್ತಾನೆ, ನಾವು ಸೇಫ್!

ಮನೆ 22: ಅಣ್ಣಾ, ದಯವಿಟ್ಟು ಇವತ್ತು ತಮಾಷೆ ಬೇಡ.

ಮನೆ 9: ತಮಿಳುನಾಡಿನ ರಾಜ್ಯ ಹೂವು ಇದು. ಜಿಂಬಾಬ್ವೆಯ ರಾಷ್ಟ್ರೀಯ ಹೂವು. 1947ರಲ್ಲಿ ರಾಜಕುಮಾರಿ ಎಲಿಜಬೆತ್‌ಗೆ ಅಲ್ಲಿಂದ ಇದೇ ಹೂವಿನ ಆಕಾರದ ವಜ್ರದ ಬ್ರೋಚ್ ಕೊಟ್ಟಿದ್ದರು. ಅಂಥದ್ದನ್ನು ಕಳೆ ಥರ ಕಿತ್ತೆಸೆಯಬೇಕಾ?

ಮನೆ 31: ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ತೋಟದಿಂದ ಹೊರಬಿದ್ದು ಮರಳು ದಿಬ್ಬಗಳಲ್ಲಿ ಕಳೆಯೇ ಆಗಿದೆ ಸರ್. ಹೂವು ನನಗೂ ಇಷ್ಟ. ಹಳದಿ ಕೆಂಪಾಗುತ್ತಾ ದಳಗಳು ಹಿಂದಕ್ಕೆ ಬಾಗುವುದನ್ನು ನೋಡುತ್ತಾ ನಿಂತುಬಿಡುತ್ತೇನೆ. ಕಾಡಂಚಿನಲ್ಲಿ ಅದನ್ನು ಯಾರೂ ಮುಟ್ಟಬಾರದು. ಮಕ್ಕಳು ಮಣ್ಣಲ್ಲಿ ಆಡುವ ಜಾಗದಲ್ಲಿ ಮಾತ್ರ ಬೇಡ.

ಮನೆ 5: ಫಾರ್ವರ್ಡ್ ಆಗಿ ಬಂದದ್ದು: ಅಗ್ನಿಶಿಖೆ ಗೆಡ್ಡೆ ತೇದು ಕುಡಿದರೆ ಕೀಲುನೋವು ಮಾಯ! ಹತ್ತು ಜನರಿಗೆ ಕಳಿಸಿ.

ಮನೆ 31: ಅಂಕಲ್, ಇದನ್ನು ಈಗಲೇ ಡಿಲೀಟ್ ಮಾಡಿ. ಗೌಟ್ ನೋವಿಗೆ ಕಾಲ್ಚಿಸಿನ್ ಮಾತ್ರೆ ಇದೆ, ನಿಜ. ಅದನ್ನು ಡಾಕ್ಟರು ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಔಷಧಿಯ ಅಳತೆಗೂ ವಿಷದ ಅಳತೆಗೂ ಅಂತರ ತೀರಾ ಕಡಿಮೆ. ಗೆಡ್ಡೆಯಲ್ಲಿ ಎಷ್ಟಿದೆ ಅಂತ ಅಳೆಯುವವರು ಯಾರು?

ಮನೆ 14: ಭಾನುವಾರ ಬೆಳಿಗ್ಗೆ ಎಲ್ಲ ಸೇರಿ ಅಗೆಯೋಣ. ಯಾರು ಬರ್ತೀರಿ?

ಮನೆ 31: ನಾನು ಬರುತ್ತೇನೆ. ಬಳ್ಳಿ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಗೆಡ್ಡೆಗೆ ಕವಲಿರುತ್ತದೆ, ಎರಡೂ ಕವಲಿನ ತುದಿಯಲ್ಲಿ ಮೊಳಕೆ. ಮುರಿಯದಂತೆ ಆಳವಾಗಿ ಅಗೆಯಬೇಕು. ಗ್ಲೌಸ್ ಹಾಕಿ. ಒಡೆದ ಕಾಯಿಯ ಕೆಂಪು ಬೀಜಗಳನ್ನೂ ಆರಿಸಬೇಕು, ಮಕ್ಕಳ ಕಣ್ಣಿಗೆ ಮೊದಲು ಬೀಳುವುದೇ ಅವು.

ಮನೆ 9: ಸಮಿತಿ ಸಭೆ ಆಗದೆ ಪಾರ್ಕಿನಲ್ಲಿ ಯಾರೂ ಗುದ್ದಲಿ ಹಾಕುವಂತಿಲ್ಲ.

ಮನೆ 14: ಬೇಲಿಗೆ ಬಳ್ಳಿ ಹಬ್ಬಿಸುವಾಗ ಯಾವ ಸಭೆ ಆಗಿತ್ತು?

ಮನೆ 9: ಹಬ್ಬಿಸಿದ್ದು ನಾನಲ್ಲ ಅಂತ ಎಷ್ಟು ಸಲ ಹೇಳಬೇಕು?

ಮನೆ 22: ಈಗ ಫೋನ್ ಬಂತು. ನಾಯಿ ಬಾಲ ಆಡಿಸಿತಂತೆ. ರಕ್ತಕಣ ಕಡಿಮೆ ಆಗಬಹುದು, ಇನ್ನೂ ಕೆಲವು ದಿನ ನೋಡಬೇಕು ಅಂದರು. ಭಾನುವಾರ ಗಟ್ಟಿ ತಾನೇ?

ಮನೆ 18: ಆ ಮೂಲೆಯ ಬೀದಿದೀಪ ಕೆಟ್ಟು ಎಷ್ಟು ಕಾಲವಾಯಿತು? ಬೆಳಕಿದ್ದಿದ್ದರೆ ನಾಯಿ ಏನು ಕೆದರುತ್ತಿದೆ ಅಂತ ಕಾಣುತ್ತಿತ್ತು ಅಲ್ವಾ?

ಮನೆ 27: ಹೌದು, ನನ್ನ ಹೆಂಡತಿ ಅಲ್ಲೇ ಎಡವಿ ಬಿದ್ದಳು.

ಮನೆ 9: ದೀಪದ ಅರ್ಜಿ ನಾನೇ ಬರೆಯುತ್ತೇನೆ. ಭಾನುವಾರ ಹತ್ತು ಗಂಟೆಗೆ ಎಲ್ಲರೂ ಸಹಿ ಹಾಕಲು ಬನ್ನಿ.

ಮನೆ 5: ಬರ್ತೀನಿ.

ಮನೆ 27: ನಾವೂ ಬರ್ತೀವಿ.

ಮನೆ 31: ಸಹಿ ಹಾಕಲು ಬರುವವರು ಒಂದು ಗುದ್ದಲಿಯನ್ನೂ ತನ್ನಿ.

ಮನೆ 18: ಸರ್, ಅರ್ಜಿಯಲ್ಲಿ ನಮ್ಮ ಅಡ್ಡರಸ್ತೆಯ ದೀಪವನ್ನೂ ಸೇರಿಸಿ.