ಚಾರ್ಟ್ ಲೈಬ್ರರಿಯ ಸೋರ್ಸ್ ಕೊಡುವಾಗ ಜೊತೆಗೆ ಏನೇನು ಕೊಡಬೇಕು?

ಬದಿಯಡ್ಕ_ಗ್ರಾಫ್:
ವೆಬ್ ಪೇಜಿನಲ್ಲಿ ಗ್ರಾಫ್ ಬರೆಯುವ ಚಾರ್ಟ್‌ಡಾಟ್‌ಜೆಎಸ್ ಲೈಬ್ರರಿಯ 4ನೇ ಆವೃತ್ತಿಯನ್ನು ಫೋರ್ಕ್ ಮಾಡಿ (ನಮ್ಮದೇ ಪ್ರತಿ ಮಾಡಿಕೊಂಡು), ಕನ್ನಡ, ಮಲಯಾಳ ಎರಡೂ ಲೇಬಲ್ ಬರುವ ಹಾಗೆ ತಿದ್ದಿದ ಲೈಬ್ರರಿಯೊಂದು ನಮ್ಮಲ್ಲಿ ಉಂಟು. ಕುಂಬಳೆ, ಮಂಜೇಶ್ವರ ಕಡೆಯ ನಾಲ್ಕು ಡೆವಲಪರ್‌ಗಳು ಅಡಿಕೆ, ಕಾಳುಮೆಣಸಿನ ಧಾರಣೆಯ ಗ್ರಾಫಿಗೆ ಅದನ್ನು ಬಳಸ್ತಾರೆ. ಈಗ ಅವರಿಗೆ ಹೋಗುವುದು ಮಿನಿಫೈ ಮಾಡಿದ, ಅಂದರೆ ಕೋಡನ್ನೆಲ್ಲ ಒತ್ತಿ ಚಿಕ್ಕದು ಮಾಡಿದ ಒಂದೇ ಫೈಲು. ಎರರ್ ಬಂದರೆ ‘ಸಾಲು 1, ಕಾಲಂ 84213’ ಅಂತ ತೋರಿಸ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ರೆಪೊಗೆ (ಸೋರ್ಸ್ ಇಟ್ಟಿರುವ ಜಾಗಕ್ಕೆ) ಆ್ಯಕ್ಸೆಸ್ ಕೊಟ್ಟರೆ ಸಾಕಾ?

ಇನ್ನೊಂದು ತೊಂದರೆ: ಪೇಜನ್ನು ಮೊದಲ ಸಲ ತೆರೆದಾಗ ‘ಕಾಳುಮೆಣಸು’ ಲೇಬಲಿನ ತುದಿ ಕತ್ತರಿಸಿ ಹೋಗ್ತದೆ. ರಿಫ್ರೆಶ್ ಮಾಡಿದರೆ ಸರಿಯಾಗ್ತದೆ.

ಪೆರ್ಲ_ಬಿಲ್ಡ್:
ಆ್ಯಕ್ಸೆಸ್ ಒಂದೇ ಸಾಲದು. ನಾಲ್ವರಿಗೂ ‘ರೀಡ್’ ಹಕ್ಕು ಕೊಡಿ, ತಿದ್ದುಪಡಿ ಪುಲ್ ರಿಕ್ವೆಸ್ಟಿನಲ್ಲೇ (ನೀವು ನೋಡಿ ಒಪ್ಪಿದರೆ ಸೇರುವ ಕೋರಿಕೆ) ಬರಲಿ. ಆದರೆ ಕಾಲಂ 84213ರ ಸಮಸ್ಯೆಗೆ ಮದ್ದು ಸೋರ್ಸ್ ಮ್ಯಾಪ್, ಅಂದರೆ ಮಿನಿಫೈ ಆದ ಜಾಗ ಮೂಲ ಕೋಡಿನ ಯಾವ ಸಾಲು ಅಂತ ಹೇಳುವ ಫೈಲು. ಬಿಲ್ಡ್ ಮಾಡುವ ಉಪಕರಣವಾದ ರೋಲಪ್‌ನ ಕಾನ್ಫಿಗಿನ ಔಟ್‌ಪುಟ್ ಭಾಗದಲ್ಲಿ ಸೋರ್ಸ್‌ಮ್ಯಾಪ್ ಟ್ರೂ ಮಾಡಿ. ಹುಟ್ಟಿದ ಮ್ಯಾಪ್ ಫೈಲಿನೊಳಗೆ ‘ಸೋರ್ಸಸ್ ಕಂಟೆಂಟ್’ (ಮೂಲ ಕೋಡಿನ ಪಠ್ಯ) ಉಂಟಾ ಅಂತ ತೆರೆದು ನೋಡಿ. ಅದು ಇಲ್ಲದಿದ್ದರೆ ಬ್ರೌಸರ್ ನಿಮ್ಮ ಕಂಪ್ಯೂಟರಿನ ಫೋಲ್ಡರ್ ದಾರಿಯನ್ನು ಹುಡುಕ್ತದೆ, ಅವರಲ್ಲಿ ಆ ಫೋಲ್ಡರೇ ಇರುವುದಿಲ್ಲ.

ಎಲ್ಲರೂ ಎಡವುವ ಜಾಗ ಇನ್ನೊಂದು: ಪ್ಯಾಕೇಜಿನ ವಿವರ ಇರುವ ಪ್ಯಾಕೇಜ್ ಜೇಸನ್ ಫೈಲಿನ ‘ಫೈಲ್ಸ್’ ಪಟ್ಟಿಯಲ್ಲಿ ಮ್ಯಾಪ್ ಸೇರದಿದ್ದರೆ ಬಿಲ್ಡಿನಲ್ಲಿ ಇದ್ದದ್ದು ಪ್ಯಾಕೇಜಿನಲ್ಲಿ ಇರುವುದಿಲ್ಲ. ಬಿಡುಗಡೆಗೆ ಮೊದಲು ‘ಎನ್‌ಪಿಎಂ ಪ್ಯಾಕ್’ (ಪ್ಯಾಕೇಜ್ ಕಟ್ಟುವ ಆಜ್ಞೆ) ಅನ್ನು ಡ್ರೈ ರನ್‌ನಲ್ಲಿ, ಅಂದರೆ ನಿಜವಾಗಿ ಕಟ್ಟದೆ ಓಡಿಸಿ, ಯಾವ ಯಾವ ಫೈಲ್ ಹೋಗ್ತದೆ ಅಂತ ಪಟ್ಟಿ ಕಾಣ್ತದೆ.

ಲಾಕ್ ಫೈಲನ್ನೂ (ಬಳಸಿದ ಪ್ಯಾಕೇಜುಗಳ ನಿಖರ ಆವೃತ್ತಿ ಬರೆದಿಟ್ಟ ಫೈಲು) ರೆಪೊದಲ್ಲಿ ಇಡಿ. ಪ್ಯಾಕೇಜುಗಳನ್ನು ತರುವ ಉಪಕರಣವಾದ ಪಿಎನ್‌ಪಿಎಂನಲ್ಲಿ ಇನ್‌ಸ್ಟಾಲ್ ಮಾಡುವಾಗ ‘ಫ್ರೋಜನ್ ಲಾಕ್‌ಫೈಲ್’ ಹಾಕಿದರೆ ನಾಲ್ವರಿಗೂ ಒಂದೇ ಆವೃತ್ತಿಗಳು ಸಿಗ್ತವೆ.

ಉಪ್ಪಳ_ಕ್ಯಾನ್ವಾಸ್:
ಫೋರ್ಕ್ ನಿಜವಾಗಿ ಬೇಕಾ ಅಂತ ಮೊದಲು ನೋಡಿ. ತಿದ್ದಿದ್ದು ಹತ್ತಿಪ್ಪತ್ತು ಸಾಲು ಮಾತ್ರ ಆದರೆ ‘ಪಿಎನ್‌ಪಿಎಂ ಪ್ಯಾಚ್’ ಸಾಕು. ಅದು ಪ್ಯಾಕೇಜಿನ ಪ್ರತಿಯನ್ನು ಒಂದು ಫೋಲ್ಡರಿನಲ್ಲಿ ತೆಗೆದು ಕೊಡ್ತದೆ. ಅಲ್ಲಿ ತಿದ್ದಿ ‘ಪ್ಯಾಚ್ ಕಮಿಟ್’ ಮಾಡಿದರೆ ವ್ಯತ್ಯಾಸ ಮಾತ್ರ ಒಂದು ಸಣ್ಣ ಫೈಲಾಗಿ ಉಳೀತದೆ. ಮೂಲದ ಹೊಸ ಆವೃತ್ತಿ ಬಂದಾಗಲೆಲ್ಲ ಇಡೀ ಫೋರ್ಕನ್ನು ಎಳೆದಾಡುವ ಕೆಲಸ ತಪ್ತದೆ.

ಲೇಬಲ್ ಕತ್ತರಿಸುವುದು ಲೈಬ್ರರಿಯ ತಪ್ಪಲ್ಲ. ವೆಬ್‌ಫಾಂಟ್ (ನೆಟ್‌ನಿಂದ ಬರುವ ಫಾಂಟ್) ಬರುವ ಮೊದಲೇ ಕ್ಯಾನ್ವಾಸ್ (ಪೇಜಿನಲ್ಲಿ ಗ್ರಾಫ್ ಬರೆಯುವ ಜಾಗ) ಬೇರೆ ಫಾಂಟಿನಲ್ಲಿ ಅಗಲ ಅಳೆದು ಜಾಗ ಬಿಡ್ತದೆ. ಆಮೇಲೆ ಮೌಸ್ ತಾಗಿ ಪುನಃ ಬರೆಯುವಾಗ ನಿಜವಾದ ಫಾಂಟ್ ಬಂದಿರ್ತದೆ, ಜಾಗ ಮಾತ್ರ ಹಳೆಯದೇ. ರಿಫ್ರೆಶ್ ಮಾಡಿದಾಗ ಫಾಂಟ್ ಕ್ಯಾಶ್‌ನಲ್ಲಿರುವುದರಿಂದ ಬೇಗ ಸಿಗ್ತದೆ. ‘ಡಾಕ್ಯುಮೆಂಟ್ ಡಾಟ್ ಫಾಂಟ್ಸ್ ಡಾಟ್ ಲೋಡ್’ ಮುಗಿದ ಮೇಲೆಯೇ ಚಾರ್ಟ್ ರಚಿಸಿ.

ಬದಿಯಡ್ಕ_ಗ್ರಾಫ್:
ಉಪಕಾರ ಆಯ್ತು. ಮ್ಯಾಪ್ ಸರಿಯಾಯ್ತು, ಈಗ ಎರರ್ ನೇರ ಸ್ಕೇಲಿನ ಫೈಲನ್ನು ತೋರಿಸ್ತದೆ. ಆದರೆ ಲೋಡ್ ಮುಗಿದ ಮೇಲೆ ರಚಿಸಿದರೂ ಲೇಬಲ್ ಕತ್ತರಿಸ್ತದೆ. ಕರೆದದ್ದು ‘12 ಪಿಎಕ್ಸ್ ನೋಟೊ ಸಾನ್ಸ್ ಕನ್ನಡ’ ಅಂತ.

ಉಪ್ಪಳ_ಕ್ಯಾನ್ವಾಸ್:
‘ಲೋಡ್’ಗೆ ಕೊಡಬೇಕಾದ ಎರಡನೇ ಆರ್ಗ್ಯುಮೆಂಟ್ (ತೋರಿಸುವ ಪಠ್ಯ) ಬಿಟ್ಟುಹೋಗಿದೆ. ಪಠ್ಯ ಕೊಡದಿದ್ದರೆ ಬ್ರೌಸರ್ ಒಂದು ಖಾಲಿ ಜಾಗದ ಅಕ್ಷರವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ತದೆ. ಗೂಗಲ್ ಫಾಂಟ್ಸ್ ಫಾಂಟನ್ನು ಯೂನಿಕೋಡ್ ರೇಂಜಿನ ಪ್ರಕಾರ ತುಂಡು ಮಾಡಿ ಕಳಿಸುವುದರಿಂದ ಲ್ಯಾಟಿನ್ ತುಂಡು ಬಂದು ಪ್ರಾಮಿಸ್ (‘ಲೋಡ್’ನ ಕಾಯುವಿಕೆ) ಮುಗೀತದೆ, ಕನ್ನಡ ತುಂಡು ಬಂದೇ ಇರುವುದಿಲ್ಲ. ಎರಡನೆಯದಾಗಿ ‘ಕಾಳುಮೆಣಸು’ ಅಂತಲೇ ಕೊಡಿ. ಮಲಯಾಳದ ಫಾಂಟಿಗೆ ಮಲಯಾಳ ಪದ ಕೊಟ್ಟು ಬೇರೆಯೇ ಕರೆಯಬೇಕು, ಎರಡನ್ನೂ ‘ಪ್ರಾಮಿಸ್ ಆಲ್’ನಲ್ಲಿ ಹಾಕಿ.

‘ಕ್ವಿಂಟಾಲ್’ನ ಹಾಗೆ ಒತ್ತಕ್ಷರ ಇರುವ ಲೇಬಲ್ ಎರಡು ಸಾಲಿಗೆ ಬಂದರೆ ಮೇಲಿನ ಒತ್ತು ಕೆಳಗಿನ ಸಾಲಿಗೆ ತಾಗ್ತದೆ, ಯಾಕೆಂದರೆ ಡಿಫಾಲ್ಟ್ ಲೈನ್ ಹೈಟ್ 1.2 ಮಾತ್ರ. 1.5 ಇಟ್ಟು ನೋಡಿ. ಇದಕ್ಕೂ ಸೋರ್ಸ್ ಮುಟ್ಟಬೇಕಾಗಿಲ್ಲ.

ಪೆರ್ಲ_ಬಿಲ್ಡ್:
ಫೋರ್ಕ್ ಉಳಿಸಿಕೊಳ್ಳುವುದಾದರೆ ಇನ್ನೆರಡು ವಿಷಯ. ಮೂಲದ ಲೈಸೆನ್ಸ್ ಎಂಐಟಿ, ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ಪ್ರತಿಯೊಂದು ಪ್ರತಿಯಲ್ಲೂ ಇರಬೇಕು. ಮಿನಿಫೈಯರ್ ಸಾಮಾನ್ಯ ಕಾಮೆಂಟನ್ನು ಅಳಿಸಿ ಹಾಕ್ತದೆ, ಆಶ್ಚರ್ಯಚಿಹ್ನೆಯಿಂದ ಶುರುವಾಗುವ ಬ್ಲಾಕ್ ಕಾಮೆಂಟನ್ನು ಸಾಧಾರಣವಾಗಿ ಬಿಡ್ತದೆ.

ಮತ್ತೆ, ಚಿತ್ರ ಹೋಲಿಸುವ ಟೆಸ್ಟುಗಳು. ವಿಂಡೋಸಿನಲ್ಲಿ ತೆಗೆದ ಕನ್ನಡ ಲೇಬಲಿನ ಪಿಎನ್‌ಜಿ ಲಿನಕ್ಸಿನಲ್ಲಿ ಹೊಂದುವುದಿಲ್ಲ, ಕೋಡ್ ಸರಿಯಿದ್ದರೂ ಟೆಸ್ಟ್ ಫೇಲ್ ಆಗ್ತದೆ. ಒಂದೇ ಡಾಕರ್ ಇಮೇಜಿನಲ್ಲಿ (ಎಲ್ಲರಲ್ಲೂ ಒಂದೇ ರೀತಿ ಓಡುವ ಸಿದ್ಧ ವ್ಯವಸ್ಥೆ) ಎರಡೂ ಭಾಷೆಯ ಫಾಂಟ್ ಹಾಕಿ, ಮಾದರಿ ಚಿತ್ರಗಳನ್ನೂ ಅದರೊಳಗೇ ತೆಗೆದು, ಆ ಡಾಕರ್‌ಫೈಲನ್ನು ರೆಪೊದಲ್ಲೇ ಇಡಿ.